ಒಡ್ಡು ಕಾಯುವವರ ನಾಡಿನಲ್ಲಿ

ನೆದರ್ಲೆಂಡ್ಸಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಟುಲಿಪ್ ತೋಟ ನೋಡಿದಿರಾ ಎಂದು. ನಾನು ಹೋದದ್ದು ಸೆಪ್ಟೆಂಬರಿನಲ್ಲಿ, ಆಗ ಅಲ್ಲಿ ಟುಲಿಪ್ ಇರುವುದಿಲ್ಲ. ನನಗೆ ನೋಡಬೇಕಿದ್ದದ್ದೂ ಬೇರೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ನಮ್ಮದು ಸ್ವಲ್ಪ ಗಜನಿ ಭೂಮಿ ಇದೆ. ಭರತಿಯ ಉಪ್ಪುನೀರು ನುಗ್ಗದಂತೆ ಸುತ್ತ ಒಡ್ಡು ಹಾಕಿ, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ನೆಲ ಅದು. ಒಡ್ಡು ನಿಂತರೆ ಗದ್ದೆ, ಒಡೆದರೆ ಹೊಳೆ. ನೆದರ್ಲೆಂಡ್ಸಿನ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದ್ದರೂ ಅಲ್ಲಿಯ ಜನ ಅದರಲ್ಲೇ ಊರು ಕಟ್ಟಿ, ದನ ಸಾಕಿ, ರೈಲು ಓಡಿಸಿಕೊಂಡಿದ್ದಾರೆ ಎಂದು ಶಾಲೆಯಲ್ಲಿ ಓದಿದ ದಿನದಿಂದ ಆ ಒಡ್ಡುಗಳನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ನನಗಿತ್ತು.

ಅಕ್ಕನ ಮಗ ಡೆಲ್ಫ್ಟ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. "ಮಾವ, ಇಲ್ಲಿ ನಿಮಗೆ ನೋಡೋದಕ್ಕೆ ಬೇಕಾದಷ್ಟಿದೆ, ಮೊದಲು ವೀಸಾಕ್ಕೆ ಹಾಕಿ" ಎಂದು ಬೆನ್ನು ಬಿದ್ದ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದ ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಬ್ಯಾಂಕ್ ಸ್ಟೇಟ್‌ಮೆಂಟ್, 30,000 ಯೂರೊಗೆ ಕಡಿಮೆಯಿಲ್ಲದ ಪ್ರಯಾಣ ವಿಮೆ, ಟಿಕೆಟ್ ಕಾದಿರಿಸಿದ ಕಾಗದ, ಅವನ ಮನೆಯಲ್ಲೇ ಉಳಿಯುತ್ತೇನೆ ಎಂಬುದಕ್ಕೆ ಅಲ್ಲಿಯ ನಗರಸಭೆಯ ಮುದ್ರೆ ಬಿದ್ದ ಪತ್ರ. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದ ಮೇಲೆ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಅಲ್ಲಿಗೆ ಅದು ಮುಗಿಯಿತು.

ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ನಾನು ಸಮುದ್ರಕ್ಕಿಂತ ಮೂರು ಮೀಟರಿನಷ್ಟು ಕೆಳಗಿದ್ದೆ. ರನ್‌ವೇ ಇರುವ ಜಾಗ 1852ರವರೆಗೆ ಹಾರ್ಲೆಮರ್‌ಮೀರ್ ಎಂಬ ದೊಡ್ಡ ಕೆರೆ. ಬಿರುಗಾಳಿ ಎದ್ದಾಗಲೆಲ್ಲ ಅದು ದಡ ಕೊರೆದುಕೊಂಡು ಬೆಳೆಯುತ್ತಿತ್ತು. ಸುತ್ತಲೂ ಒಡ್ಡು ಮತ್ತು ಕಾಲುವೆ ಕಟ್ಟಿ, ಮೂರು ಕಡೆ ಉಗಿಯಂತ್ರದ ಪಂಪುಮನೆ ಹೂಡಿ, ಮೂರು ವರ್ಷ ನೀರೆತ್ತಿ ಅದನ್ನು ಒಣಗಿಸಿದರು. ವಿಮಾನದಿಂದ ನೋಡಿದರೆ ಗೆರೆ ಎಳೆದ ಹಾಗೆ ನೆಟ್ಟಗಿನ ಹೊಲಗಳು, ನಡುವೆ ನೀರಿನ ಕಾಲುವೆಗಳು ಕಾಣುತ್ತವೆ. ಆ ಕಾಲುವೆಗಳಿಂದ ಪಂಪುಗಳು ಇವತ್ತಿಗೂ ನೀರೆತ್ತಿ ಹೊರಗೆ ಹಾಕುತ್ತಲೇ ಇವೆ. ಪಂಪು ನಿಂತರೆ ನೆಲ ಮತ್ತೆ ಕೆರೆಯ ಕಡೆಗೆ ಹೊರಳುತ್ತದೆ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಎಲ್ಲರೂ ನೋಡುವ ಮ್ಯೂಸಿಯಮ್ಮುಗಳನ್ನು ನಾನೂ ನೋಡಿದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ನಗರಸಭೆಯ ಕಟ್ಟಡದೊಳಗಿನ ಓಣಿಯಲ್ಲಿರುವ ಮೂರು ಗಾಜಿನ ಕಂಬಗಳು. ಅವುಗಳಲ್ಲಿ ನೀರು ತುಂಬಿದೆ. ಎರಡು ಕಂಬಗಳಲ್ಲಿ ಆ ಹೊತ್ತಿಗೆ ಐಮಾಯ್ಡನ್ ಮತ್ತು ಫ್ಲಿಸಿಂಗನ್ ಬಂದರುಗಳಲ್ಲಿ ಸಮುದ್ರ ಎಷ್ಟು ಎತ್ತರ ಇದೆಯೋ ಅಷ್ಟೇ ನೀರು ಏರಿಳಿಯುತ್ತದೆ. ಮೂರನೆಯ ಕಂಬದ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದು ನಾಲ್ಕೂವರೆ ಮೀಟರ್ ಮೇಲೆ, ತಲೆಯೆತ್ತಿ ನೋಡುವಷ್ಟು ಎತ್ತರದಲ್ಲಿ ನಿಂತಿದೆ: 1953ರ ಫೆಬ್ರವರಿ 1ರ ಪ್ರವಾಹದಲ್ಲಿ ಫ್ಲಿಸಿಂಗನ್ನಿನಲ್ಲಿ ಸಮುದ್ರ ಮುಟ್ಟಿದ ಮಟ್ಟ. ಕೆಲಸಕ್ಕೆ ಓಡುವವರು, ಸೈಕಲ್ ತಳ್ಳಿಕೊಂಡು ಹೋಗುವವರು ಅದರ ಪಕ್ಕದಲ್ಲೇ ದಾಟುತ್ತಾರೆ. ಟಿಕೆಟ್ ಇಲ್ಲ, ಕಾವಲಿಲ್ಲ.

ಡೆಲ್ಫ್ಟಿನಲ್ಲಿ ಅಳಿಯನ ಮನೆಯ ಅಡಿಗೆಮನೆಯ ಮೇಜಿನ ಮೇಲೆ ಬಿದ್ದಿದ್ದ ಒಂದು ತೆರಿಗೆ ಕಾಗದ ನನಗೆ ಆ ದೇಶದ ಗುಟ್ಟನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಿತು. ಅದು ಸರ್ಕಾರದ ತೆರಿಗೆಯೂ ಅಲ್ಲ, ನಗರಸಭೆಯದೂ ಅಲ್ಲ. ವಾಟರ್‌ಸ್ಕಾಪ್ ಎಂಬ ಮಂಡಳಿಯದು. ಒಡ್ಡು, ಕಾಲುವೆ, ಪಂಪು, ಕೊಳಚೆ ನೀರಿನ ಶುದ್ಧೀಕರಣ, ಇಷ್ಟೇ ಆ ಮಂಡಳಿಯ ಕೆಲಸ. ಇಡೀ ದೇಶದಲ್ಲಿ ಇಂಥವು 21 ಇವೆ. ಡೆಲ್ಫ್ಟ್ ಸೇರಿರುವುದು ಡೆಲ್ಫ್ಲಂಡ್ ಮಂಡಳಿಗೆ. ಅದಕ್ಕೆ ಆ ಪ್ರದೇಶವನ್ನು ಆಳುತ್ತಿದ್ದ ಕೌಂಟ್ ಐದನೆಯ ಫ್ಲೋರಿಸ್ ಸನ್ನದು ಕೊಟ್ಟದ್ದು 1289ರಲ್ಲಿ. ವಿಜಯನಗರ ಇನ್ನೂ ಹುಟ್ಟಿರದ ಕಾಲ. ಅಂದಿನಿಂದ ಎಷ್ಟು ಯುದ್ಧ, ಎಷ್ಟು ರಾಜರು ಬಂದು ಹೋದರೂ ಒಡ್ಡು ನೋಡಿಕೊಳ್ಳುವ ಈ ವ್ಯವಸ್ಥೆ ಕೆಲಸ ಬಿಟ್ಟಿಲ್ಲ. ಅದರ ಹಳೆಯ ಕಚೇರಿ ಊರ ನಡುವಿನ ಕಾಲುವೆಯ ದಂಡೆಯಲ್ಲೇ ಇದೆ. ಮುಂಭಾಗದ ಕಲ್ಲಿನ ಮೇಲೆ ಬಣ್ಣ ಬಣ್ಣದ ಲಾಂಛನಗಳಿವೆ. ಅಳಿಯನ ಜೊತೆ ಸಂತೆಗೆ ಹೋದಾಗಲೆಲ್ಲ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದೆ.

ತೆರಿಗೆಯ ಕಾಗದವನ್ನು ಅವನು ಓದಿ ಹೇಳಿದ. ಒಡ್ಡು ಮತ್ತು ಕಾಲುವೆಗಾಗಿ ಮನೆಗೆ ಇಷ್ಟು, ಕೊಳಚೆ ನೀರಿಗಾಗಿ ಇಷ್ಟು. ಒಬ್ಬರೇ ಇರುವ ಮನೆಗೆ ಒಂದು ಪಾಲು, ಒಬ್ಬರಿಗಿಂತ ಹೆಚ್ಚಿದ್ದರೆ ಮೂರು ಪಾಲು. ವರ್ಷಕ್ಕೆ ಕೆಲವು ನೂರು ಯೂರೊ ಆಗುತ್ತದೆ.

"ಬಾಡಿಗೆ ಮನೆಯವರೂ ಕೊಡಬೇಕಾ?" ಎಂದೆ.

"ಇಲ್ಲಿ ಮಲಗಿ ನಿದ್ದೆ ಮಾಡೋರು ಎಲ್ಲರೂ ಕೊಡಬೇಕು ಮಾವ. ನೀರು ಬಂದರೆ ಬಾಡಿಗೆಯವರು, ಮನೆ ಮಾಲೀಕರು ಅಂತ ಕೇಳ್ತದಾ?"

ಮತ್ತೊಂದು ಸಂಗತಿ ಕೇಳಿ ನಾನು ಕುರ್ಚಿಯಿಂದ ಮುಂದೆ ಬಾಗಿದೆ. ಈ ಮಂಡಳಿಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ, ಮತ್ತು 18 ತುಂಬಿದ, ಕಾನೂನುಬದ್ಧವಾಗಿ ಅಲ್ಲಿ ವಾಸವಿರುವ ವಿದೇಶಿಯರಿಗೂ ಅದರಲ್ಲಿ ಮತ ಇದೆ. 2023ರ ಮಾರ್ಚಿನಲ್ಲಿ ನಮ್ಮ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೋಗಿ, ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಒಡ್ಡು ಕಾಯುವವರನ್ನು ಆರಿಸಿ ಬಂದಿದ್ದ. ರೈತರಿಗೆ ಮತ್ತು ನಿಸರ್ಗ ಪ್ರದೇಶ ನೋಡಿಕೊಳ್ಳುವವರಿಗೆ ಮಂಡಳಿಯಲ್ಲಿ ಬೇರೆಯಾಗಿಯೇ ಸ್ಥಾನ ಕಾದಿಟ್ಟಿದ್ದಾರಂತೆ. ಸಂಸತ್ತಿನ ಚುನಾವಣೆಯಲ್ಲಿ ಅವನಿಗೆ ಮತ ಇಲ್ಲ. ನೀರಿನ ವಿಷಯದಲ್ಲಿ ಇದೆ. ಇದು ಎಷ್ಟು ನ್ಯಾಯವಾದ ಯೋಚನೆ ಎಂದು ನನಗೆ ಈಗಲೂ ಅನಿಸುತ್ತದೆ.

ಮರುದಿನದಿಂದ ಒಡ್ಡುಗಳ ಮೇಲೆ ನಡೆಯುವುದೇ ನನ್ನ ಕೆಲಸವಾಯಿತು. ಅಲ್ಲಿಯ ಒಡ್ಡು ದೂರದಿಂದ ನೋಡಿದರೆ ಹುಲ್ಲು ಬೆಳೆದ ಉದ್ದನೆಯ ದಿಬ್ಬ, ಅಷ್ಟೆ. ಒಂದು ಪಕ್ಕದಲ್ಲಿ ಕಾಲುವೆಯ ನೀರು, ಇನ್ನೊಂದು ಪಕ್ಕದಲ್ಲಿ ಹೊಲ ಅದಕ್ಕಿಂತ ಎರಡಾಳು ಕೆಳಗೆ. ಹೊಲದಲ್ಲಿ ನಿಂತರೆ ದೋಣಿ ತಲೆಯ ಮೇಲಿನ ಮಟ್ಟದಲ್ಲಿ ಸಾಗುತ್ತದೆ, ದನ ಕೆಳಗೆ ಮೇಯುತ್ತಿರುತ್ತದೆ. ಕಣ್ಣಿಗೆ ಇದು ಒಗ್ಗಲು ಸ್ವಲ್ಪ ಹೊತ್ತು ಬೇಕು. ಬಹಳ ಕಡೆ ಒಡ್ಡಿನ ಮೇಲೆ ಕುರಿ ಬಿಟ್ಟಿರುತ್ತಾರೆ. ಕುರಿ ಹುಲ್ಲನ್ನು ಗಿಡ್ಡವಾಗಿ ಮೇಯುತ್ತದೆ, ಅದರ ಸಣ್ಣ ಗೊರಸು ಮಣ್ಣನ್ನು ತುಳಿದು ಗಟ್ಟಿ ಮಾಡುತ್ತದೆ. ಹುಲ್ಲಿನ ಬೇರು ಒತ್ತಾಗಿ ಹೆಣೆದುಕೊಂಡಷ್ಟೂ ಮಣ್ಣು ಕೊಚ್ಚಿ ಹೋಗುವುದಿಲ್ಲ.

ಒಂದು ಕಡೆ ನೀರಂಚಿನಲ್ಲಿ ತಂತಿಯ ಬೋನು ಕಂಡಿತು. ಇಲಿ ಹಿಡಿಯುವುದಕ್ಕೆ! ಮಸ್ಕ್‌ರ‍್ಯಾಟ್ ಎಂಬ ದೊಡ್ಡ ನೀರಿಲಿಯನ್ನು ತುಪ್ಪಳದ ಆಸೆಗೆ ಉತ್ತರ ಅಮೆರಿಕದಿಂದ ಯುರೋಪಿಗೆ ತಂದಿದ್ದರು. ಅದು ತಪ್ಪಿಸಿಕೊಂಡು ಹರಡಿ, ಈಗ ಒಡ್ಡುಗಳ ಒಳಗೆ ಬಿಲ ತೋಡುತ್ತದೆ. ಅದನ್ನು ಹಿಡಿಯುವುದನ್ನೇ ಉದ್ಯೋಗ ಮಾಡಿಕೊಂಡವರನ್ನು ಮಂಡಳಿಗಳು ಸಂಬಳ ಕೊಟ್ಟು ಇಟ್ಟುಕೊಂಡಿವೆ. ನಾನು ಆ ಬೋನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದೆ. ನಮ್ಮಲ್ಲಿ ಈ ಕೆಲಸ ಏಡಿಯದು. ಗಜನಿಯ ಒಡ್ಡಿಗೆ ಏಡಿ ಬೆರಳು ತೂರುವಷ್ಟು ಬಿಲ ತೋಡುತ್ತದೆ, ಭರತಿಗೆ ಅದರಲ್ಲಿ ನೀರು ಜಿನುಗುತ್ತದೆ, ಜಿನುಗಿದ್ದು ಮಣ್ಣು ತಿಂದು ತಿಂದು ಒಂದು ರಾತ್ರಿ ಗಂಡಿ ಬೀಳುತ್ತದೆ. ನನ್ನ ಅಜ್ಜ ದಿನ ಬೆಳಗಾದರೆ ಒಡ್ಡಿನ ಮೇಲೆ ಒಂದು ಸುತ್ತು ಹಾಕಿ, ಒದ್ದೆ ಕಂಡಲ್ಲಿ ಅಂಟುಮಣ್ಣು ಮೆತ್ತಿ ತುಳಿದು ಬರುತ್ತಿದ್ದ. ಅಜ್ಜನ ಆ ಬೆಳಗಿನ ಸುತ್ತನ್ನು ಒಂದು ದೇಶ ಇಲಾಖೆಯಾಗಿ ಮಾಡಿಕೊಂಡಿದೆ. ಬೆಲೆ ಗೊತ್ತಿದ್ದವರು ಮಾಡುವ ಕೆಲಸ ಅದು.

ಬೇಸಿಗೆಯಲ್ಲೂ ಕಾವಲು ತಪ್ಪುವುದಿಲ್ಲ. 2003ರ ಆಗಸ್ಟಿನಲ್ಲಿ ವಿಲ್ನಿಸ್ ಎಂಬ ಊರಿನ ಒಡ್ಡು ಒಡೆದದ್ದು ಪ್ರವಾಹದಿಂದಲ್ಲ, ಬರದಿಂದ. ಅದು ಪೀಟ್ ಎಂಬ, ಕೊಳೆತ ಸಸ್ಯದಿಂದಾದ ಮಣ್ಣಿನ ಒಡ್ಡು. ಬಿಸಿಲಿಗೆ ಒಣಗಿ ಹಗುರವಾಗಿ, ಕಾಲುವೆ ನೀರಿನ ಒತ್ತಡ ತಾಳದೆ ಪಕ್ಕಕ್ಕೆ ಸರಿದುಬಿಟ್ಟಿತು. ಅಂದಿನಿಂದ ಒಣ ಬೇಸಿಗೆ ಬಂತೆಂದರೆ ಮಂಡಳಿಯವರು ಇಂಥ ಒಡ್ಡುಗಳಲ್ಲಿ ಬಿರುಕು ಹುಡುಕುತ್ತ ನಡೆಯುತ್ತಾರೆ. ಇನ್ನು ಶರತ್ಕಾಲದಲ್ಲಿ ಸ್ಕೌ ಎಂಬ ತಪಾಸಣೆ ಇದೆ. ತನ್ನ ಹೊಲದ ಅಂಚಿನ ಕಾಲುವೆಯ ಕಳೆ, ಕಸ ತೆಗೆಯುವುದು ಆಯಾ ಭೂಮಿಯವರ ಹೊಣೆ. ಮೊದಲೇ ತಿಳಿಸಿದ ದಿನ ಮಂಡಳಿಯವರು ಬಂದು ನೋಡುತ್ತಾರೆ, ಮಾಡದಿದ್ದರೆ ದಂಡ. ಕಾಲುವೆಯ ಪಕ್ಕದಲ್ಲಿ ರಾಶಿ ಹಾಕಿದ ಹಸಿ ಕಳೆಯನ್ನು ನಾನು ಊರೂರಲ್ಲಿ ನೋಡಿದೆ.

ಕಿಂಡರ್‌ಡೈಕಿನ 19 ಗಾಳಿಯಂತ್ರಗಳನ್ನೂ ನೋಡಿದೆ. ಚಂದ ಇವೆ, ಜನಜಂಗುಳಿಯೂ ಇದೆ. ಅವೂ ನೀರೆತ್ತುವುದಕ್ಕೇ ಕಟ್ಟಿದವು ಎಂದು ಗೊತ್ತಿದ್ದರೆ ಚಂದ ಇನ್ನೂ ಹೆಚ್ಚುತ್ತದೆ.

ಡೆಲ್ಫ್ಟಿನಿಂದ ಕಡಲತೀರ ದೂರವಿಲ್ಲ. ಹೇಗ್ ನಗರದ ದಕ್ಷಿಣಕ್ಕೆ 2011ರಲ್ಲಿ ಸಮುದ್ರಕ್ಕೆ ಚಾಚಿಕೊಳ್ಳುವಂತೆ 2 ಕೋಟಿ ಘನ ಮೀಟರಿಗಿಂತಲೂ ಹೆಚ್ಚು ಮರಳನ್ನು ಒಂದೇ ಜಾಗದಲ್ಲಿ ಸುರಿದರು. ಮರಳಿನ ಎಂಜಿನ್ ಎಂದೇ ಅದಕ್ಕೆ ಹೆಸರು. ಗಾಳಿ, ಅಲೆ, ಒಳಹರಿವು ಸೇರಿ ಆ ಮರಳನ್ನು ವರ್ಷಗಟ್ಟಲೆ ಅತ್ತಿತ್ತ ತೀರದುದ್ದಕ್ಕೂ ತಾವೇ ಹಂಚಲಿ ಎಂಬುದು ಲೆಕ್ಕ. ನಾನು ಹೋದ ದಿನ ಜೋರು ಗಾಳಿ. ಮೊಣಕಾಲಿನ ಮಟ್ಟದಲ್ಲಿ ಮರಳು ಹಾರುತ್ತ ಹಿಂದಿನ ದಿಬ್ಬಗಳ ಕಡೆ ಹೋಗುತ್ತಿತ್ತು, ಅಲ್ಲಿ ನೆಟ್ಟ ಒರಟು ಹುಲ್ಲು ಅದನ್ನು ಹಿಡಿದು ನಿಲ್ಲಿಸುತ್ತಿತ್ತು. ದಿಬ್ಬ ನನ್ನ ಕಣ್ಣ ಮುಂದೆಯೇ ಬೆಳೆಯುತ್ತಿತ್ತು. 1990ರಲ್ಲಿ ತೀರರೇಖೆ ಎಲ್ಲಿತ್ತೋ ಅಲ್ಲೇ ಇರಬೇಕು ಎಂದು ಅವರು ತೀರ್ಮಾನಿಸಿದ್ದಾರೆ. ಎಲ್ಲಿ ಹಿಂದೆ ಸರಿಯುತ್ತದೋ ಅಲ್ಲಿಗೆ ಸಮುದ್ರದ ತಳದಿಂದ ಮರಳು ತಂದು ತುಂಬುತ್ತಾರೆ. ನಮ್ಮ ಕರಾವಳಿಯಲ್ಲಿ ಕಡಲ್ಕೊರೆತ ಎಂದ ಕೂಡಲೇ ಲಾರಿಯಲ್ಲಿ ಬಂಡೆಕಲ್ಲು ಬರುತ್ತದೆ. ಕಲ್ಲು ಹಾಕಿದ ಜಾಗ ಕೆಲವು ಮಳೆಗಾಲ ಉಳಿಯುತ್ತದೆ, ಪಕ್ಕದ ಕೇರಿಯ ತೀರ ಹೋಗುತ್ತದೆ. ಮರಳು ಹರಿದಾಡುವ ತೀರಕ್ಕೆ ಮರಳೇ ಮದ್ದು ಅನ್ನುವುದನ್ನು ಅಲ್ಲಿ ನಿಂತು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕಳೆದದ್ದು ಝೀಲಂಡ್ ಪ್ರಾಂತ್ಯದಲ್ಲಿ. ಔವರ್‌ಕೆರ್ಕ್ ಎಂಬ ಹಳ್ಳಿಯ ಹೊರಗೆ ನಾಲ್ಕು ದೈತ್ಯ ಕಾಂಕ್ರೀಟ್ ಪೆಟ್ಟಿಗೆಗಳು ಅರ್ಧ ಮಣ್ಣಲ್ಲಿ ಹೂತು ನಿಂತಿವೆ. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯ ತೀರದಲ್ಲಿ ತಾತ್ಕಾಲಿಕ ಬಂದರು ಕಟ್ಟಲು ಮಾಡಿಸಿದ್ದ ಬಗೆಯವು. 1953ರ ಪ್ರವಾಹದಲ್ಲಿ ಬಿದ್ದ ಕೊನೆಯ ಗಂಡಿಯನ್ನು ಆ ವರ್ಷದ ನವೆಂಬರಿನಲ್ಲಿ ಮುಚ್ಚಿದ್ದು ಇವುಗಳನ್ನು ತೇಲಿಸಿ ತಂದು ಮುಳುಗಿಸಿಯೇ. ಫೆಬ್ರವರಿಯಿಂದ ನವೆಂಬರಿನವರೆಗೆ ಅಲ್ಲಿ ದಿನಕ್ಕೆ ಎರಡು ಬಾರಿ ಭರತಿ ಹೊಲಗಳ ಮೇಲೆ ಬಂದು ಹೋಗುತ್ತಿತ್ತು. ಈಗ ಆ ಪೆಟ್ಟಿಗೆಗಳ ಹೊಟ್ಟೆಯೊಳಗೇ ಪ್ರವಾಹದ ಮ್ಯೂಸಿಯಂ ಇದೆ.

ಜನವರಿ 31, ಶನಿವಾರ ರಾತ್ರಿ. ದೊಡ್ಡ ಭರತಿಯ ಕಾಲ, ಜೊತೆಗೆ ವಾಯುವ್ಯದಿಂದ ಬಿರುಗಾಳಿ. ಆ ಕಾಲದಲ್ಲಿ ರೇಡಿಯೊ ರಾತ್ರಿ ಬಂದ್ ಆಗುತ್ತಿತ್ತು, ಎಚ್ಚರಿಕೆ ಹೆಚ್ಚಿನ ಜನಕ್ಕೆ ತಲುಪಲೇ ಇಲ್ಲ. ಭಾನುವಾರ ಬೆಳಗಾಗುವ ಮೊದಲೇ ಒಡ್ಡುಗಳು ಒಡೆದವು. ಮನೆಯ ಮಾಡು ಹತ್ತಿ ಕೂತವರಲ್ಲಿ ಎಷ್ಟೋ ಮಂದಿ ಮಧ್ಯಾಹ್ನದ ಎರಡನೆಯ ಭರತಿಯಲ್ಲಿ ಮನೆಯ ಜೊತೆಗೇ ಹೋದರು. ಸತ್ತವರು 1,836 ಮಂದಿ. ಮ್ಯೂಸಿಯಮ್ಮಿನ ಒಂದು ಕತ್ತಲ ಕೋಣೆಯಲ್ಲಿ ಅವರ ಹೆಸರುಗಳು ಬೆಳಕಿನಲ್ಲಿ ಮೂಡುತ್ತವೆ. ಅಲ್ಲಿ ಲೆಕ್ಕವನ್ನು 1835+1 ಎಂದು ಬರೆದಿದ್ದಾರೆ. ಆ ಒಂದು, ಅದೇ ರಾತ್ರಿ ಹುಟ್ಟಿ ಅದೇ ನೀರಿನಲ್ಲಿ ಹೋದ ಮಗು. ಹೆಸರಿಡುವುದಕ್ಕೂ, ಬರೆಸುವುದಕ್ಕೂ ಸಮಯ ಸಿಕ್ಕಿರಲಿಲ್ಲ. ನನ್ನ ಜೊತೆ ಬಂದಿದ್ದ ಅಳಿಯನ ಹೆಂಡತಿ ತನ್ನ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

ಅಲ್ಲಿ ಸ್ವಯಂಸೇವೆ ಮಾಡುವ ಹಿರಿಯ ಮಹಿಳೆಯೊಬ್ಬರು, ಪ್ರವಾಹದ ವರ್ಷ ಪುಟ್ಟ ಹುಡುಗಿಯಾಗಿದ್ದವರು, ನಾನು ಒಡ್ಡಿನ ಊರಿನವನು ಎಂದು ತಿಳಿದ ಮೇಲೆ ಮಾದರಿಯೊಂದರ ಮುಂದೆ ಕರೆದುಕೊಂಡು ಹೋಗಿ ವಿವರಿಸಿದರು. ಬಹಳ ಕಡೆ ಒಡ್ಡು ಒಡೆದದ್ದು ಅಲೆಯ ಹೊಡೆತ ಬಿದ್ದ ಸಮುದ್ರದ ಬದಿಯಿಂದಲ್ಲ. ನೀರು ನೆತ್ತಿಯ ಮೇಲೆ ಹರಿದು, ಕಡಿದಾಗಿದ್ದ ಒಳಬದಿಯ ಮಣ್ಣನ್ನು ಕೊಚ್ಚಿ, ಹಿಂದಿನಿಂದ ಕುಸಿಯಿತು. ನನಗೆ ಮೈ ಜುಮ್ಮೆಂದಿತು. ನಮ್ಮ ಒಡ್ಡುಗಳೂ ಹೀಗೇ ಹೋಗುವುದು. ನಾವು ಕಲ್ಲು ಕಟ್ಟುವುದು ಹೊಳೆಯ ಬದಿಗೆ ಮಾತ್ರ.

ಒಡ್ಡುಗಳ ಎತ್ತರ ಸಾಲದು ಎಂದು ಯೋಹಾನ್ ಫಾನ್ ವೇನ್ ಎಂಬ ಸರ್ಕಾರಿ ಎಂಜಿನಿಯರ್ ಪ್ರವಾಹಕ್ಕೆ ವರ್ಷಗಳ ಮೊದಲೇ ಎಚ್ಚರಿಸಿದ್ದರು. ಯುದ್ಧ ಬಂತು, ಹಣ ಬೇರೆಡೆ ಹೋಯಿತು. ಪ್ರವಾಹವಾದ ಮೂರು ವಾರದೊಳಗೆ, ಮತ್ತೆ ಹೀಗಾಗದಂತೆ ಯೋಜನೆ ಹಾಕಲು ಡೆಲ್ಟಾ ಸಮಿತಿ ನೇಮಕವಾಯಿತು, ಅವರೇ ಅದರ ಕಾರ್ಯದರ್ಶಿಯಾದರು. ಆ ಯೋಜನೆಯ ಅತಿದೊಡ್ಡ ಕಾಮಗಾರಿ, ಓಸ್ಟರ್‌ಸ್ಕೆಲ್ಡ ಎಂಬ ಅಳಿವೆಗೆ ಅಡ್ಡಲಾಗಿ ಕಟ್ಟಿದ ತಡೆ. 9 ಕಿಲೋಮೀಟರ್ ಉದ್ದ, 65 ಕಂಬ, ನಡುವೆ 62 ಉಕ್ಕಿನ ಬಾಗಿಲು. ಮೊದಲ ಯೋಜನೆಯಂತೆ ಆ ಅಳಿವೆಯನ್ನು ಪೂರ್ತಿ ಮುಚ್ಚಿ ಸಿಹಿನೀರಿನ ಕೆರೆ ಮಾಡಬೇಕಿತ್ತು. ಮಸಲ್ ಚಿಪ್ಪು, ಸಿಂಪಿ ಸಾಕುವ ಮೀನುಗಾರರು ಮತ್ತು ಪರಿಸರದವರು ಬೀದಿಗಿಳಿದು ವಿರೋಧಿಸಿದರು. 1976ರಲ್ಲಿ ಸರ್ಕಾರ ನಿರ್ಧಾರ ಬದಲಿಸಿತು: ಸಾಮಾನ್ಯ ದಿನಗಳಲ್ಲಿ ಬಾಗಿಲು ತೆರೆದೇ ಇರುತ್ತದೆ, ಭರತಿ ಒಳಗೆ ಬಂದು ಹೋಗುತ್ತದೆ, ನೀರು ಸಾಮಾನ್ಯ ಸಮುದ್ರಮಟ್ಟಕ್ಕಿಂತ 3 ಮೀಟರ್ ಮೇಲೇರುವ ಮುನ್ಸೂಚನೆ ಇದ್ದರೆ ಮಾತ್ರ ಮುಚ್ಚುತ್ತಾರೆ. ಖರ್ಚು ಬಹಳ ಹೆಚ್ಚಾಯಿತು, 1986ರಲ್ಲಿ ಮುಗಿಯಿತು. ಇಳಿತದ ಹೊತ್ತಿಗೆ ನಾನು ಆ ಬಾಗಿಲುಗಳ ಮೇಲಿನ ದಾರಿಯಲ್ಲಿ ನಿಂತಿದ್ದೆ. ಕಂಬಗಳ ನಡುವೆ ನೀರು ಭೋರ್ಗರೆದು ಸಮುದ್ರಕ್ಕೆ ಹೋಗುತ್ತಿತ್ತು, ಕಾಲಡಿಯ ಕಬ್ಬಿಣ ಸಣ್ಣಗೆ ನಡುಗುತ್ತಿತ್ತು. ಅಘನಾಶಿನಿಯಲ್ಲಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕುವವರ ಮಾತಿಗೆ ಒಂದು ಅಣೆಕಟ್ಟಿನ ನಕ್ಷೆ ಬದಲಾಗುವುದನ್ನು ಊಹಿಸಿಕೊಳ್ಳಿ! ಅಲ್ಲಿ ಅದು ಆಗಿದೆ.

ಎಲ್ಲವೂ ಸರಿಯಾಗಿದೆ ಎಂದಲ್ಲ. ಬಾಗಿಲು ತೆರೆದಿದ್ದರೂ ಕಂಬಗಳಿಂದಾಗಿ ಒಳಹರಿವಿನ ರಭಸ ತಗ್ಗಿದೆ. ಇಳಿತದಲ್ಲಿ ನೀರಿನಿಂದ ಮೇಲೆ ಕಾಣುವ ಮರಳುದಿಬ್ಬಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತಿವೆ, ಅಲ್ಲಿ ಹುಳ ಹೆಕ್ಕಿ ಬದುಕುವ ಹಕ್ಕಿಗಳಿಗೆ ಜಾಗ ಕಡಿಮೆಯಾಗುತ್ತಿದೆ. ಅದಕ್ಕೂ ಮರಳು ತಂದು ಹಾಕುತ್ತಿದ್ದಾರೆ.

ಕೊನೆಯ ವಾರ ಅಳಿಯ ಓವರ್‌ಡೀಪ್ ಎಂಬ ಕಡೆ ಕರೆದೊಯ್ದ. 1995ರಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಗಿ ಬಂದ ಮೇಲೆ, ಒಡ್ಡನ್ನು ಎತ್ತರಿಸುತ್ತಲೇ ಹೋಗುವುದನ್ನು ಬಿಟ್ಟು ನದಿಗೆ ಜಾಗ ಬಿಟ್ಟುಕೊಡಲು ಅವರು ಶುರು ಮಾಡಿದರು. ಓವರ್‌ಡೀಪಿನ ರೈತರು, ಹೊರಗೆ ಹಾಕುವ ಮೊದಲೇ, ತಾವೇ ಒಂದು ನಕ್ಷೆ ಹಿಡಿದು ಹೋದರು: ನದಿಯ ಬದಿಯ ಒಡ್ಡನ್ನು ತಗ್ಗಿಸಿ, ಹಿಂದಿನ ಒಡ್ಡಿಗೆ ತಾಗಿ ಎತ್ತರದ ಮಣ್ಣಿನ ದಿಬ್ಬ ಕಟ್ಟಿಕೊಡಿ, ನಾವು ಮನೆ ಮತ್ತು ಕೊಟ್ಟಿಗೆಯನ್ನು ಅದರ ಮೇಲೆ ಒಯ್ಯುತ್ತೇವೆ, ದೊಡ್ಡ ನೆರೆ ಬಂದಾಗ ಹೊಲಕ್ಕೆ ನೀರು ಬರಲಿ. ಹಾಗೇ ಆಯಿತು. ಎಲ್ಲ ಕುಟುಂಬಗಳಿಗೂ ಜಾಗ ಸಾಲಲಿಲ್ಲ, ಅರ್ಧದಷ್ಟು ಮಂದಿ ಪರಿಹಾರ ಪಡೆದು ಬೇರೆ ಕಡೆ ಹೋದರು. ಉಳಿದವರ ದಿಬ್ಬಗಳು ಸಾಲಾಗಿ ನಿಂತಿವೆ, ಮೇಲೆ ಹೊಸ ಕೊಟ್ಟಿಗೆ, ಕೆಳಗೆ ಹಸಿರು. ಒಂದು ಕೊಟ್ಟಿಗೆಯ ಹತ್ತಿರ ಮಾತಿಗೆ ಸಿಕ್ಕ ರೈತ ನಮ್ಮ ಗಜನಿಯ ಫೋಟೊಗಳನ್ನು ಫೋನಿನಲ್ಲಿ ಒಂದೊಂದಾಗಿ ನೋಡಿದ. ನೀರಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತಿರುವ ಹೆಂಗಸರ ಫೋಟೊವನ್ನು ಬೆರಳಿಂದ ಹಿಗ್ಗಿಸಿ ನೋಡಿ, ಅಳಿಯನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ: ಈ ಒಡ್ಡಿನ ದುರಸ್ತಿಗೆ ವರ್ಷಕ್ಕೆ ಹಣ ಯಾರು ಕೊಡುತ್ತಾರೆ?

ಹಿಂದೆ ಗಜನಿಯ ಪಾಲುದಾರರೆಲ್ಲ ಸೇರಿ ಕೊಡುತ್ತಿದ್ದರು. ಆಮೇಲೆ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರ್ಕಾರ ಒಡ್ಡು ಕಟ್ಟಿಸಿತು, ಕಟ್ಟಿಸಿದವರೇ ನೋಡಿಕೊಳ್ಳಲಿ ಎಂದು ನಾವು ಕೈಬಿಟ್ಟೆವು. ಸೀಗಡಿ ಕೆರೆಗೆ ಗುತ್ತಿಗೆ ಕೊಟ್ಟವರಿಗೆ ಗದ್ದೆಯ ಚಿಂತೆ ಉಳಿಯಲಿಲ್ಲ. ಹೀಗೆಂದೇ ಅವನಿಗೆ ಹೇಳಿದೆ.

ಊರಿಗೆ ಬಂದ ಮೇಲೆ ನಮ್ಮ ಗಜನಿ ಸಮಿತಿಯ ಸಭೆಯಲ್ಲಿ ಎರಡು ಮಾತು ಇಟ್ಟಿದ್ದೇನೆ. ಮಳೆಗೆ ಮೊದಲು ಒಂದು ದಿನ ಗೊತ್ತು ಮಾಡಿ, ಪಾಲುದಾರರೆಲ್ಲ ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬಿಲ, ಬಿರುಕು, ಒಳಬದಿಯ ಕುಸಿತ ಬರೆದುಕೊಳ್ಳಬೇಕು. ದುರಸ್ತಿಗೆ ಗುಂಟೆ ಲೆಕ್ಕದಲ್ಲಿ ಪ್ರತಿವರ್ಷ ಹಣ ಹಾಕಬೇಕು, ಬೇಸಾಯ ಬಿಟ್ಟು ಮುಂಬಯಿ, ಬೆಂಗಳೂರು ಸೇರಿದವರೂ. ಮೊದಲನೆಯದಕ್ಕೆ ಎಲ್ಲರೂ ಒಪ್ಪಿದ್ದಾರೆ. ಎರಡನೆಯದಕ್ಕೆ, "ತಮ್ಮಾ, ಊರಲ್ಲಿ ಇಲ್ಲದವರ ಹತ್ತಿರ ವಸೂಲಿ ಮಾಡೋರು ಯಾರು?" ಎಂದು ಹಿರಿಯರೊಬ್ಬರು ಕೇಳಿದರು. ಬೆಂಗಳೂರಿನವರ ಪಟ್ಟಿಯನ್ನು ನಾನು ವಹಿಸಿಕೊಂಡಿದ್ದೇನೆ. ಗುಂಟೆಗೆ ಎಷ್ಟು ಎಂಬುದು ಯುಗಾದಿ ಕಳೆದ ಮೇಲಿನ ಸಭೆಯಲ್ಲಿ ತೀರ್ಮಾನವಾಗಬೇಕು.